ನೆರವು ನಿಂತ ಮೇಲೆ ಉಳಿಯುವ ಪಾಠ

1968ರ ಆಗಸ್ಟ್‌ನಲ್ಲಿ ಕೀನ್ಯಾದ ಕರಾವಳಿ ನಗರ ಮೊಂಬಾಸಾದಲ್ಲಿ ಹನ್ನೊಂದು ಆಫ್ರಿಕನ್ ದೇಶಗಳ ಶಿಕ್ಷಣ ಅಧಿಕಾರಿಗಳು ಮತ್ತು ಪಠ್ಯಕ್ರಮ ತಜ್ಞರು ಸಭೆ ಸೇರಿದರು. ಬೋಟ್ಸ್ವಾನಾ, ಇಥಿಯೋಪಿಯಾ, ಘಾನಾ, ಕೀನ್ಯಾ, ಲೈಬೀರಿಯಾ, ಮಲಾವಿ, ನೈಜೀರಿಯಾ, ಸಿಯೆರಾ ಲಿಯೋನ್, ಟಾಂಜಾನಿಯಾ, ಉಗಾಂಡಾ, ಜಾಂಬಿಯಾ. ಇವುಗಳಲ್ಲಿ ಎಂಟು ದೇಶಗಳಿಗೆ ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ತುಂಬಿರಲಿಲ್ಲ. ಶಾಲೆಗಳಲ್ಲಿ ಮಾತ್ರ ಇನ್ನೂ ಆಳಿದವರ ಚರಿತ್ರೆ, ಆಳಿದವರ ಭೂಗೋಳ ನಡೆಯುತ್ತಿತ್ತು. ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬೇರೆಬೇರೆಯಾಗಿ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಮಗು ತನ್ನ ಸುತ್ತಲಿನ ಬದುಕನ್ನು ಪ್ರಶ್ನಿಸುತ್ತ ಕಲಿಯುವ ‘ಸಮಾಜ ಅಧ್ಯಯನ’ ಎಂಬ ಒಂದೇ ವಿಷಯವನ್ನು ಪ್ರಾಥಮಿಕ ಶಾಲೆಗೆ ತರಬೇಕೆಂದು ಸಭೆ ಒಪ್ಪಿತು. ಆಫ್ರಿಕನ್ ಸಮಾಜ ಅಧ್ಯಯನ ಕಾರ್ಯಕ್ರಮ ಹುಟ್ಟಿದ್ದು ಹೀಗೆ. ಅದರ ಕಚೇರಿ ನೈರೋಬಿಯಲ್ಲಿ ತೆರೆಯಿತು.

ಈ ಸಭೆಯ ಹಿಂದೆ ಎರಡು ಹೊರಗಿನ ಸಂಸ್ಥೆಗಳಿದ್ದವು. ಒಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಜುಕೇಶನ್ ಡೆವಲಪ್‌ಮೆಂಟ್ ಸೆಂಟರ್, ಅಂದರೆ ಇಡಿಸಿ. ಇನ್ನೊಂದು ಬ್ರಿಟನ್ನಿನ ಪಠ್ಯಕ್ರಮ ನೆರವು ಸಂಸ್ಥೆ ಕ್ರೀಡೋ. ಮೊಂಬಾಸಾಕ್ಕೆ ಹಿಂದಿನ ವರ್ಷ ಪೂರ್ವಭಾವಿ ಸಭೆ ನಡೆದಿದ್ದು ಆಕ್ಸ್‌ಫರ್ಡಿನಲ್ಲಿ. ಆಫ್ರಿಕನ್ನರು ತಮ್ಮ ಮಕ್ಕಳಿಗೆ ತಮ್ಮ ಸಮಾಜವನ್ನು ಹೇಗೆ ಕಲಿಸಬೇಕೆಂಬ ಮಾತುಕತೆಗೆ ಮೇಜು ಹಾಕಿಕೊಟ್ಟವರು ಹೊರಗಿನವರು. ಅದನ್ನು ತಪ್ಪೆಂದು ಹೇಳಲಾರೆ, ಆ ನೆರವಿಲ್ಲದೆ ಹನ್ನೊಂದು ದೇಶಗಳು ಒಂದೆಡೆ ಕೂರುತ್ತಿದ್ದವೇ ಎಂಬುದೇ ಅನುಮಾನ. ಆದರೆ ಅಂದಿನಿಂದ ಇಂದಿನವರೆಗೆ ಇಂಥ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆ ಅಂಟಿಕೊಂಡ ಕಷ್ಟವೆಲ್ಲ ಆ ಮೇಜಿನ ಸುತ್ತಲೇ ಹುಟ್ಟಿತು ಎನ್ನಬಹುದು.

ಗಣಿತಕ್ಕೆ ಈ ಕಷ್ಟ ಅಷ್ಟಾಗಿ ಇಲ್ಲ. ಇದೇ ಅಮೆರಿಕನ್ ಬಳಗ 1962ರಲ್ಲಿ ಉಗಾಂಡಾದ ಎಂಟೆಬೆಯಲ್ಲಿ ಆಫ್ರಿಕಾದ ಶಾಲೆಗಳಿಗೆ ಹೊಸ ಗಣಿತ ಪುಸ್ತಕಗಳನ್ನು ಬರೆಸಲು ಶುರುಮಾಡಿತ್ತು. ಅದಕ್ಕೂ ಟೀಕೆ ಬಂತು. ಆದರೂ ಭಿನ್ನರಾಶಿ ಮಗುವಿಗೆ ಅರ್ಥವಾಯಿತೋ ಇಲ್ಲವೋ ಎಂದು ನೋಡಲು ಒಂದು ಪ್ರಶ್ನೆಪತ್ರಿಕೆ ಸಾಕು. ಸಮಾಜ ಪಾಠ ಹಾಗಲ್ಲ. ಈ ಊರು ಯಾರದು, ಈ ನೆಲ ಯಾರದು, ನಮ್ಮ ಹಿಂದಿನವರು ಯಾರು, ನಮ್ಮ ನೆರೆಯವರನ್ನು ಏನೆಂದು ಕರೆಯಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಏನನ್ನು ಹೇಳಬಾರದು ಎಂಬುದನ್ನೂ ಅದು ತೀರ್ಮಾನಿಸಿರುತ್ತದೆ. ನೆರವು ನಿಂತ ಮೇಲೆ ತರಗತಿಯಲ್ಲಿ ಏನು ಉಳಿಯಿತು, ಪಾಠದಲ್ಲಿ ಯಾವ ಮಾತನ್ನು ಬಿಡಬೇಕೆಂದು ಯಾರು ತೀರ್ಮಾನಿಸಿದರು ಎಂಬ ಎರಡು ಪ್ರಶ್ನೆಗಳನ್ನು ಕೇಳದ ಮೌಲ್ಯಮಾಪನ ಎಷ್ಟು ದಪ್ಪನೆಯ ವರದಿಯಾಗಿ ಬಂದರೂ ಅರ್ಧ ಕೆಲಸವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಫ್ರಿಕಾದ ಕಾರ್ಯಕ್ರಮವನ್ನೇ ನೋಡಿ. ಕಾಗದದ ಮೇಲೆ ಅದು ಬಹುದೂರ ಹೋಯಿತು. ನೈಜೀರಿಯಾದಲ್ಲಿ ಬಿಯಾಫ್ರಾ ಯುದ್ಧ ಮುಗಿದ ಮೇಲೆ ಒಡೆದ ದೇಶವನ್ನು ಬೆಸೆಯುವ ಹೊಣೆ ಸಮಾಜ ಅಧ್ಯಯನದ ಹೆಗಲಿಗೆ ಬಿತ್ತು. ಕೀನ್ಯಾದಲ್ಲಿ 1985ರಲ್ಲಿ ಎಂಟು-ನಾಲ್ಕು-ನಾಲ್ಕು ಪದ್ಧತಿ ಬಂದಾಗ ಭೂಗೋಳ, ಚರಿತ್ರೆ, ಪೌರನೀತಿ ಮೂರೂ ಕೂಡಿ ‘ಜಿಎಚ್‌ಸಿ’ ಎಂಬ ಒಂದೇ ವಿಷಯವಾದವು. ಟಾಂಜಾನಿಯಾದಲ್ಲಿ ಜೂಲಿಯಸ್ ನೈರೇರೆ 1967ರಲ್ಲೇ ಸ್ವಾವಲಂಬನೆಗಾಗಿ ಶಿಕ್ಷಣ ಎಂಬ ತಮ್ಮ ಪ್ರಸಿದ್ಧ ಬರಹವನ್ನು ಪ್ರಕಟಿಸಿದ್ದರು. ಅಲ್ಲಿ ಸಮಾಜ ಪಾಠ ಉಜಾಮಾ ಸಮಾಜವಾದದ ಜೊತೆ ಸೇರಿಹೋಯಿತು. ಒಂದೇ ಮೇಜಿನಿಂದ ಎದ್ದ ದೇಶಗಳು ಒಂದೇ ಹೆಸರಿನಡಿ ತಂತಮ್ಮ ಸರ್ಕಾರಕ್ಕೆ ಬೇಕಾದ್ದನ್ನು ಕಟ್ಟಿಕೊಂಡವು.

ಅಮೆರಿಕದ ಶಿಕ್ಷಣ ಸಂಶೋಧಕಿ ಮೆರಿ ಮೆರಿಫೀಲ್ಡ್ 1980ರ ದಶಕದ ಮಧ್ಯದಲ್ಲಿ ಕೀನ್ಯಾ, ಮಲಾವಿ, ನೈಜೀರಿಯಾಗಳ ಸಮಾಜ ಅಧ್ಯಯನವನ್ನು ಹತ್ತಿರದಿಂದ ನೋಡಿ ಬರೆದರು. ಮೊಂಬಾಸಾ ಸಭೆಗೂ ಅವರ ಅಧ್ಯಯನಕ್ಕೂ ನಡುವೆ ಸುಮಾರು ಹದಿನೇಳು ವರ್ಷಗಳ ಅಂತರ. ನನ್ನ ದೃಷ್ಟಿಯಲ್ಲಿ ಈ ಅಂತರವೇ ಆ ಕೆಲಸದ ಬೆಲೆ ಹೆಚ್ಚಿಸಿದೆ. ಯೋಜನೆಯ ಉತ್ಸಾಹ ಇಳಿದು, ತಜ್ಞರು ಊರಿಗೆ ಮರಳಿ, ಮೇಷ್ಟ್ರು ಮತ್ತು ಕರಿಹಲಗೆ ಮಾತ್ರ ಉಳಿದ ಹೊತ್ತು ಅದು. ಪ್ರಶ್ನಿಸುತ್ತ ಕಲಿಯುವುದು ಪಠ್ಯಕ್ರಮದ ದಸ್ತಾವೇಜಿನಲ್ಲಿತ್ತು, ತರಗತಿಯಲ್ಲಿ ಮೇಷ್ಟ್ರು ಹೇಳುವುದು ಮಕ್ಕಳು ಬರೆದುಕೊಳ್ಳುವುದು ನಡೆದೇ ಇತ್ತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪ್ರಾಥಮಿಕ ಹಂತದ ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ, ಅದರಲ್ಲಿ ಸಿಕ್ಕ ಅಂಕದ ಮೇಲೆ ಪ್ರೌಢಶಾಲೆಯ ಸೀಟು. ಮಗು ಊರಿನ ಸಂತೆಗೆ ಹೋಗಿ ವ್ಯಾಪಾರಿಗಳನ್ನು ಮಾತಾಡಿಸಿ ಬಂದರೆ ಆ ಪರೀಕ್ಷೆಯಲ್ಲಿ ಒಂದು ಅಂಕವೂ ಬರುವುದಿಲ್ಲ. ಪಠ್ಯಕ್ರಮಕ್ಕೆ ನೆರವು ಕೊಟ್ಟು ಪರೀಕ್ಷೆಯನ್ನು ಮುಟ್ಟದೆ ಬಿಟ್ಟರೆ ಗೆಲ್ಲುವುದು ಪರೀಕ್ಷೆಯೇ. ಇದು ಆಫ್ರಿಕಾಕ್ಕೆ ಮಾತ್ರ ಸೇರಿದ ಮಾತಲ್ಲವೆಂದು ನಮ್ಮ ಯಾವ ಶಿಕ್ಷಕರಿಗೂ ವಿವರಿಸಬೇಕಾಗಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಹೇಳಲೇಬೇಕಾದ ಒಂದು ಸಂಗತಿಯಿದೆ. ಆಫ್ರಿಕಾಕ್ಕೆ ಸಮಾಜ ಅಧ್ಯಯನದ ದಾರಿ ತೋರಿದ ಇದೇ ಇಡಿಸಿ ಸಂಸ್ಥೆ ತನ್ನ ದೇಶದಲ್ಲೂ ಹತ್ತು ವರ್ಷದ ಮಕ್ಕಳಿಗಾಗಿ ಒಂದು ಸಮಾಜ ಪಾಠ ರೂಪಿಸಿತ್ತು. ‘ಮ್ಯಾನ್: ಎ ಕೋರ್ಸ್ ಆಫ್ ಸ್ಟಡಿ’ ಎಂಬ ಆ ಕಾರ್ಯಕ್ರಮದ ಹಿಂದೆ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಇದ್ದರು. ಖರ್ಚು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದು. ಸಾಲ್ಮನ್ ಮೀನು, ಬಬೂನ್ ಕೋತಿಗಳಿಂದ ಹಿಡಿದು ಉತ್ತರ ಧ್ರುವದ ಬಳಿಯ ನೆಟ್ಸಿಲಿಕ್ ಜನರ ಬದುಕಿನವರೆಗೆ ಚಲನಚಿತ್ರಗಳ ಮೂಲಕ ತೋರಿಸುತ್ತ, ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿದ್ದು ಯಾವುದು ಎಂದು ಅದು ಮಕ್ಕಳನ್ನು ಕೇಳುತ್ತಿತ್ತು. ನನ್ನ ಲೆಕ್ಕದಲ್ಲಿ ಕಳೆದ ಶತಮಾನದ ಅತ್ಯುತ್ತಮ ಪಾಠ ರಚನೆಗಳಲ್ಲಿ ಅದೂ ಒಂದು. ಆದರೆ ಅನ್ಯ ಸಮಾಜದ ರೀತಿನೀತಿಗಳನ್ನು ಹೀಗೆ ತೆರೆದಿಟ್ಟರೆ ನಮ್ಮ ಮಕ್ಕಳ ಮೌಲ್ಯಗಳು ಕೆಡುತ್ತವೆ ಎಂದು ಪೋಷಕರು ಸಿಟ್ಟಾದರು. 1975ರಲ್ಲಿ ವಿಷಯ ಅಮೆರಿಕದ ಸಂಸತ್ತಿಗೇ ಹೋಯಿತು, ಹಣ ನಿಂತಿತು. ಪೋಷಕರನ್ನು ಒಳಗೊಳ್ಳದೆ ಸಮಾಜ ಪಾಠ ಬದಲಿಸಿದರೆ ಏನಾಗುತ್ತದೆಂದು ಅಮೆರಿಕವೇ ಅನುಭವಿಸಿತ್ತು. ಅಷ್ಟಾದರೂ ಹೊರದೇಶಗಳಿಗೆ ನೆರವು ಕೊಡುವಾಗ ಪೋಷಕರ ಅಭಿಪ್ರಾಯ ಕೇಳುವುದು ಮೌಲ್ಯಮಾಪನದ ಕಡ್ಡಾಯ ಭಾಗವಾಗಲಿಲ್ಲ.

ನೆರವು ಕೊಡುವವರ ಉದ್ದೇಶವೇ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅಫ್ಘಾನಿಸ್ತಾನವೇ ಸಾಕ್ಷಿ. ಸೋವಿಯತ್ ಸೇನೆ ಅಲ್ಲಿದ್ದ ಕಾಲದಲ್ಲಿ ಶುರುವಾಗಿ, 1984ರಿಂದ 1994ರವರೆಗೆ, ಅಮೆರಿಕ ಸರ್ಕಾರದ ಯುಎಸ್‌ಏಡ್ ಸಂಸ್ಥೆ ಒಮಾಹಾದ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಸುಮಾರು 5.1 ಕೋಟಿ ಡಾಲರ್ ಕೊಟ್ಟಿತು. ಆ ಹಣದಲ್ಲಿ ಅಫ್ಘನ್ ಮಕ್ಕಳಿಗೆ ದರಿ ಮತ್ತು ಪಶ್ತೊ ಭಾಷೆಗಳ ಪಠ್ಯಪುಸ್ತಕಗಳು ತಯಾರಾದವು. ಎಣಿಕೆ ಕಲಿಸಲು ಬಂದೂಕು, ಟ್ಯಾಂಕು. ಗುಂಡಿನ ವೇಗವನ್ನೂ ದೂರವನ್ನೂ ಕೊಟ್ಟು ಅದು ಶತ್ರು ಸೈನಿಕನಿಗೆ ತಾಗಲು ಎಷ್ಟು ಸೆಕೆಂಡು ಬೇಕೆಂದು ಕೇಳುವ ಲೆಕ್ಕ. ಹಂಚಿದ ಪ್ರತಿಗಳ ಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಂಡರೆ ಈ ಯೋಜನೆಯೂ ಗೆದ್ದಂತೆಯೇ. ಆ ಪುಸ್ತಕ ಓದಿದ ಮಕ್ಕಳು ದೊಡ್ಡವರಾದ ಮೇಲೆ ಏನಾಯಿತೆಂಬುದು ಯಾವ ಯೋಜನಾ ವರದಿಯಲ್ಲೂ ಸೇರುವ ಅಂಕಣವಲ್ಲ. ಮುಂದೆ 2012ರ ಹೊತ್ತಿಗೆ ವಿದೇಶಿ ನೆರವಿನಿಂದಲೇ ಅಲ್ಲಿನ ಪ್ರೌಢಶಾಲೆಗೆ ಬಂದ ಹೊಸ ಚರಿತ್ರೆ ಪುಸ್ತಕಗಳು 1973ಕ್ಕೆ ನಿಂತುಬಿಟ್ಟವು. ರಾಜ ಝಾಹಿರ್ ಶಾ ಪದಚ್ಯುತಿಯ ನಂತರದ ನಾಲ್ಕು ದಶಕಗಳ ಬಗ್ಗೆ ಒಮ್ಮತ ಸಾಧ್ಯವಿಲ್ಲವೆಂದು ಅಷ್ಟನ್ನೂ ಕೈಬಿಟ್ಟಿದ್ದರು. ಒಂದು ಕಾಲದಲ್ಲಿ ದ್ವೇಷ, ಇನ್ನೊಂದು ಕಾಲದಲ್ಲಿ ಮೌನ. ಮಗು ಮನೆಗೆ ಹೋಗಿ ಅಪ್ಪನ ಕಾಲು ಹೇಗೆ ಹೋಯಿತೆಂದು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ.

ಬೋಸ್ನಿಯಾದಲ್ಲಿ ಮೌನಕ್ಕೆ ಕಣ್ಣಿಗೆ ಕಾಣುವ ರೂಪವೇ ಬಂತು. ಯುದ್ಧ ಮುಗಿಸಿದ 1995ರ ಡೇಟನ್ ಒಪ್ಪಂದದ ನಂತರ ಅಲ್ಲಿ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಮಕ್ಕಳು ಮೂರು ಬೇರೆ ಚರಿತ್ರೆಗಳನ್ನು ಓದುತ್ತಿದ್ದರು. ಅಂತಾರಾಷ್ಟ್ರೀಯ ಸಂಸ್ಥೆಗಳ ಒತ್ತಾಯಕ್ಕೆ 1999ರಲ್ಲಿ ಶಿಕ್ಷಣ ಮಂತ್ರಿಗಳು ಪಠ್ಯಪುಸ್ತಕಗಳಿಂದ ಆಕ್ಷೇಪಾರ್ಹ ಭಾಗಗಳನ್ನು ತೆಗೆಯಲು ಒಪ್ಪಿದರು. ಹೊಸ ಪುಸ್ತಕ ಅಚ್ಚಾಗುವವರೆಗೆ ಕಾಯಲು ಸಮಯವಿರಲಿಲ್ಲ. ಕೆಲವು ಸಾಲುಗಳ ಮೇಲೆ ಕಪ್ಪು ಶಾಯಿ ಬಳಿದರು, ಇನ್ನು ಕೆಲವಕ್ಕೆ ಈ ಭಾಗ ಪರಿಶೀಲನೆಯಲ್ಲಿದೆ ಎಂಬರ್ಥದ ಮುದ್ರೆ ಒತ್ತಿದರು. ಹತ್ತು ಹನ್ನೊಂದು ವರ್ಷದ ಮಗುವಿನ ಕೈಗೆ ಅಂಥ ಪುಸ್ತಕ ಬಂದರೆ ಅದರ ಕಣ್ಣು ಮೊದಲು ಹೋಗುವುದು ಆ ಕಪ್ಪು ಪಟ್ಟಿಯ ಮೇಲೆಯೇ. ಅಳಿಸಿದ ಸಾಲುಗಳನ್ನು ಎಣಿಸಿ ಪ್ರಗತಿ ವರದಿ ಬರೆಯುವುದು ಸುಲಭ, ಅಳಿಸಿದ್ದರಿಂದ ಮಗುವಿನ ಮನಸ್ಸಿನಲ್ಲಿ ಏನು ಹುಟ್ಟಿತೆಂದು ತಿಳಿಯಲು ಆ ಮಗುವಿನ ಜೊತೆ ಕೂತು ಮಾತಾಡಬೇಕು. ಒಂದೇ ಕಟ್ಟಡದಲ್ಲಿ ಎರಡು ಸಮುದಾಯಗಳ ಮಕ್ಕಳು ಬೇರೆ ಬಾಗಿಲು, ಬೇರೆ ಪಠ್ಯಕ್ರಮದಲ್ಲಿ ಓದುವ ‘ಒಂದೇ ಸೂರಿನಡಿ ಎರಡು ಶಾಲೆ’ಗಳು ಅದಾಗಿ ಬಹಳ ವರ್ಷಗಳ ನಂತರವೂ ಐವತ್ತಕ್ಕೂ ಹೆಚ್ಚಿದ್ದವು.

ರುವಾಂಡಾದ ಪ್ರಯತ್ನ ಇದಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿತ್ತು. ಆದ್ದರಿಂದಲೇ ಅದರ ಫಲಿತಾಂಶ ಹೆಚ್ಚು ಯೋಚನೆಗೆ ಹಚ್ಚುತ್ತದೆ. ತುತ್ಸಿಗಳು ಹೊರಗಿನಿಂದ ಬಂದವರೆಂಬ ವಸಾಹತು ಕಾಲದ ಸಿದ್ಧಾಂತವನ್ನು ಶಾಲೆಗಳಲ್ಲೇ ಕಲಿಸಿದ ದೇಶ ಅದು. 1994ರ ನರಮೇಧದ ನಂತರ ಸರ್ಕಾರ ಚರಿತ್ರೆ ಪಾಠವನ್ನೇ ನಿಲ್ಲಿಸಿತು. 2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರ, ಫೇಸಿಂಗ್ ಹಿಸ್ಟರಿ ಆ್ಯಂಡ್ ಅವರ್‌ಸೆಲ್ವ್ಸ್ ಸಂಸ್ಥೆ ಮತ್ತು ರುವಾಂಡಾದ ಪಠ್ಯಕ್ರಮ ಕೇಂದ್ರ ಕೂಡಿ ಹೊಸ ಚರಿತ್ರೆ ಪಾಠ ರೂಪಿಸಲು ಹೊರಟವು. ಅದು ಮುಖ್ಯವಾಗಿ ಪ್ರೌಢಶಾಲೆಗೆ ಸಂಬಂಧಿಸಿದ್ದು, ಆದರೂ ಪ್ರಾಥಮಿಕ ಶಾಲೆಯ ಸಮಾಜ ಪಾಠಕ್ಕೂ ಅದರ ಪಾಠ ಅನ್ವಯಿಸುತ್ತದೆ. ಅಲ್ಲಿನವರೇ ಗುಂಪುಗಳಲ್ಲಿ ಕೂತು ಬರೆದರು. ಮೂಲ ದಾಖಲೆಗಳನ್ನು ಮಕ್ಕಳ ಮುಂದಿಟ್ಟು ಚರ್ಚಿಸುವ ವಿಧಾನವನ್ನು ಶಿಕ್ಷಕರು ಮೆಚ್ಚಿಕೊಂಡರು. ಕಮ್ಮಟದ ಕೊನೆಗೆ ಅಭಿಪ್ರಾಯ ಪತ್ರ ತುಂಬಿಸಿದ್ದರೆ ಒಳ್ಳೆಯ ಅಂಕಗಳೇ ಬರುತ್ತಿದ್ದವು.

ಆದರೆ ತರಗತಿಯಲ್ಲಿ ಹುತು, ತುತ್ಸಿ ಎಂಬ ಮಾತು ಎತ್ತಿದರೆ ಏನಾಗುತ್ತದೋ ಎಂಬ ಭಯ ಶಿಕ್ಷಕರನ್ನು ಬಿಡಲಿಲ್ಲ. ಒಡಕಿನ ಮಾತಿನ ವಿರುದ್ಧ, ನರಮೇಧ ಸಿದ್ಧಾಂತದ ವಿರುದ್ಧ ಬಿಗಿಯಾದ ಕಾನೂನುಗಳಿದ್ದವು, ಸರ್ಕಾರಕ್ಕೆ ತನ್ನದೇ ಅಧಿಕೃತ ಕಥನವಿತ್ತು. ಯೋಜನೆಯಲ್ಲಿ ಕೆಲಸ ಮಾಡಿದ ಸಾರಾ ಫ್ರೀಡ್‌ಮನ್, ಹಾರ್ವಿ ವೈನ್‌ಸ್ಟೈನ್ ಮೊದಲಾದವರು 2008ರಲ್ಲಿ ಈ ಇಕ್ಕಟ್ಟನ್ನು ತಾವೇ ಬರೆದು ಪ್ರಕಟಿಸಿದರು. ಯೋಜನೆ ಮಾಡಿದವರೇ ಅದರ ಮಿತಿಗಳನ್ನು ಹೀಗೆ ಬಿಚ್ಚಿ ಹೇಳಿದ್ದು ಅಪರೂಪ. ಈ ಬರಹವೇ ಆ ನೆರವಿನ ಅತಿ ದೊಡ್ಡ ಫಲ ಎಂದರೂ ಅತಿಶಯೋಕ್ತಿಯಲ್ಲ.

ಇಷ್ಟೆಲ್ಲ ಅನುಭವವಿದ್ದೂ ಮೌಲ್ಯಮಾಪನದ ಉಪಕರಣಗಳು ಯಾಕೆ ಬದಲಾಗಲಿಲ್ಲ? ಸಿದ್ಧಾಂತಕ್ಕೆ ಕೊರತೆಯಿಲ್ಲ. ಬ್ರಿಟನ್ನಿನ ಶಿಕ್ಷಣ ಸಂಶೋಧಕರಾದ ಪಾರ್ಲೆಟ್ ಮತ್ತು ಹ್ಯಾಮಿಲ್ಟನ್ 1972ರಲ್ಲೇ, ಬೆಳೆ ಪ್ರಯೋಗದಂತೆ ಮೊದಲು-ನಂತರ ಅಳೆಯುವುದನ್ನು ಬಿಟ್ಟು ತರಗತಿಯ ಒಳಗೆ ಕೂತು ನೋಡಿ ಎಂದರು. ಅಲ್ಲಿನವರೇ ಆದ ಬ್ಯಾರಿ ಮ್ಯಾಕ್‌ಡೊನಾಲ್ಡ್, ಮೌಲ್ಯಮಾಪಕ ಹಣ ಕೊಟ್ಟವನಿಗೆ ಮಾತ್ರ ಉತ್ತರದಾಯಿಯಲ್ಲ, ಸಮುದಾಯಕ್ಕೂ ಉತ್ತರದಾಯಿ ಎಂದು ವಾದಿಸಿದರು. ಕಚೇರಿಗಳಲ್ಲಿ ನಡೆಯುವ ಭಾಷೆ ಬೇರೆ. ಶ್ರೀಮಂತ ದೇಶಗಳ ಒಇಸಿಡಿ ಸಂಘಟನೆ 1991ರಲ್ಲಿ ನೆರವಿನ ಮೌಲ್ಯಮಾಪನಕ್ಕೆ ಐದು ಮಾನದಂಡ ಕೊಟ್ಟಿತು: ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಬಾಳಿಕೆ. ಐದೂ ಒಳ್ಳೆಯವೇ. ಆದರೆ ಯೋಜನೆ ಮುಗಿಯುವ ವರ್ಷದಲ್ಲೇ ಬಾಳಿಕೆಯನ್ನು ಅಳೆಯಲು ಹೊರಟರೆ ಕಾಣುವುದು ಊಹೆ ಮಾತ್ರ.

ಇನ್ನೊಂದು ಅಡ್ಡಿ, ಈಗ ಎಲ್ಲರ ಕಣ್ಣು ಓದು ಮತ್ತು ಲೆಕ್ಕದ ಮೇಲಿದೆ. ವಿಶ್ವಬ್ಯಾಂಕ್ 2019ರಲ್ಲಿ ಮುಂದಿಟ್ಟ ‘ಕಲಿಕಾ ಬಡತನ’ದ ಅಳತೆಗೆ ಹತ್ತು ವರ್ಷದ ಮಗು ಸರಳ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆಯೇ ಎಂಬುದೊಂದೇ ಆಧಾರ. ನಾಗರಿಕ ಶಿಕ್ಷಣದ ಅಂತಾರಾಷ್ಟ್ರೀಯ ಸಮೀಕ್ಷೆಗಳು 1999, 2009, 2016, 2022ರಲ್ಲಿ ನಡೆದವು. ಅವು ನೋಡುವುದು ಎಂಟನೇ ತರಗತಿ ಅಥವಾ ಹದಿನಾಲ್ಕರ ಆಸುಪಾಸಿನ ಮಕ್ಕಳನ್ನು. ಅದಕ್ಕಿಂತ ಚಿಕ್ಕವರ ಸಾಮಾಜಿಕ ತಿಳಿವಳಿಕೆ ಈ ಪಟ್ಟಿಗಳಲ್ಲಿ ಇಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಶಾಲೆಯ ವೇಳಾಪಟ್ಟಿಯಲ್ಲೂ ಜಾಗ ಕಡಿಮೆಯಾಗುತ್ತದೆ.

ಭಾರತಕ್ಕೆ ಈ ಕಥೆ ಹೊಸದಲ್ಲ. 1963ರಲ್ಲಿ ಮೈಸೂರಿನಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಮತ್ತು ಅದರ ಸೋದರ ಕಾಲೇಜುಗಳಿಗೆ ಯುಎಸ್‌ಏಡ್ ಮೂಲಕ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ನೆರವಿತ್ತು. 1975ರಲ್ಲಿ ಎನ್‌ಸಿಇಆರ್‌ಟಿ ಯುನಿಸೆಫ್ ನೆರವಿನಿಂದ ಪ್ರಾಥಮಿಕ ಪಠ್ಯಕ್ರಮ ನವೀಕರಣ ಯೋಜನೆ ಕೈಗೊಂಡಿತು. ಅದೇ ವರ್ಷದ ಪಠ್ಯಕ್ರಮ ಚೌಕಟ್ಟು ಚಿಕ್ಕ ಮಕ್ಕಳಿಗೆ ಸಮಾಜ ಮತ್ತು ವಿಜ್ಞಾನವನ್ನು ಪರಿಸರ ಅಧ್ಯಯನದ ಹೆಸರಿನಲ್ಲಿ ಹತ್ತಿರ ತಂದಿತು. ರಾಜಸ್ಥಾನದಲ್ಲಿ 1992ರಲ್ಲಿ ಅನಿಲ್ ಬೋರ್ಡಿಯಾ ನೇತೃತ್ವದಲ್ಲಿ ಆರಂಭವಾದ ಲೋಕ್ ಜುಂಬಿಶ್ ಶಿಕ್ಷಣ ಕಾರ್ಯಕ್ರಮಕ್ಕೆ ಸ್ವೀಡನ್ನಿನ ನೆರವು ಸಂಸ್ಥೆ ಸೀಡಾ ಹಣ ಕೊಡುತ್ತಿತ್ತು. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆದಾಗ ಸ್ವೀಡನ್ ನೆರವು ನಿಲ್ಲಿಸಿತು. ಹಳ್ಳಿಯ ಶಾಲೆಗೂ ಅಣುಬಾಂಬಿಗೂ ಯಾವ ಸಂಬಂಧ? ಆದರೂ ಪೆಟ್ಟು ಬಿದ್ದಿದ್ದು ಶಾಲೆಗೆ. ಆಮೇಲೆ ಬ್ರಿಟನ್ ಕೈಜೋಡಿಸಿತೆಂಬುದು ನಿಜ, ಆದರೆ ಹಣಕ್ಕೆ ಅದರದೇ ರಾಜಕೀಯವಿರುತ್ತದೆ ಎಂಬುದು ಅಲ್ಲಿ ಬಯಲಾಯಿತು. ಹೊರದೇಶದ ಹಣ ಮಾತ್ರವೇ ಅಪಾಯವೆಂದೂ ತಿಳಿಯಬಾರದು. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ ಶಿಕ್ಷಕರ ಜೊತೆ ಕೂತು ಕಟ್ಟಿದ್ದ ಸಮಾಜ ಅಧ್ಯಯನ ಪ್ರಯೋಗವನ್ನು 2002ರಲ್ಲಿ ನಿಲ್ಲಿಸಿದ್ದು ನಮ್ಮದೇ ಸರ್ಕಾರ.

ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವುದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ. 1994ರಲ್ಲಿ ದೇಶದ ಏಳು ರಾಜ್ಯಗಳ 42 ಜಿಲ್ಲೆಗಳಲ್ಲಿ ಅದು ಆರಂಭವಾದಾಗ ನಮ್ಮಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಅದರಲ್ಲಿದ್ದವು. ಕರ್ನಾಟಕದ ಪಾಲಿಗೆ ವಿಶ್ವಬ್ಯಾಂಕಿನ ಸಾಲವಿತ್ತು. ಶಿಕ್ಷಕರಿಗೆ ನೆರವಾಗುವ ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು, ಅಂದರೆ ಬಿಆರ್‌ಸಿ, ಸಿಆರ್‌ಸಿಗಳು ಬಂದದ್ದು ಅದರಿಂದ, ಅವು ಇಂದಿಗೂ ಇವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಶುರುವಾಯಿತು. ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ತಮ್ಮ ಮಕ್ಕಳಿಗೆ ತಾವೇ ಕಲಿಕಾ ಕಾರ್ಡುಗಳನ್ನು ಬರೆದರು. 2009ರಿಂದ ಅದು ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ನೆರವು ಬಂದು ಹೋದ ಮೇಲೂ ಉಳಿದ ಕಾರ್ಯಕ್ರಮ ಯಾವುದೆಂದು ಕೇಳಿದರೆ ನಾನು ಮೊದಲು ಹೆಸರಿಸುವುದು ನಲಿ-ಕಲಿಯನ್ನು. ಅದು ಬಾಳಿದ್ದು ಶಿಕ್ಷಕರು ಅದನ್ನು ತಮ್ಮದೆಂದುಕೊಂಡಿದ್ದರಿಂದ.

ಆದರೆ ನಲಿ-ಕಲಿ ಚರ್ಚೆಯಲ್ಲಿ ಕೇಳಿಬರುವ ಮಾತು ಹೆಚ್ಚಾಗಿ ಓದು, ಬರಹ, ಲೆಕ್ಕದ್ದು. ಅದರೊಳಗಿನ ಪರಿಸರ ಅಧ್ಯಯನ ಮಗುವಿನ ಸಾಮಾಜಿಕ ತಿಳಿವಳಿಕೆಗೆ ಏನು ಮಾಡಿತು? ಹೆಗ್ಗಡದೇವನಕೋಟೆಯಲ್ಲೇ ಈ ಪ್ರಶ್ನೆ ಕೇಳಬೇಕು. ಅಲ್ಲಿ ಆದಿವಾಸಿಗಳಾದ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿವೆ. ನಾಗರಹೊಳೆ ಕಾಡಿನಿಂದ ಹೊರಬಂದವರು, ಕಬಿನಿ ಅಣೆಕಟ್ಟೆಯ ಹಿನ್ನೀರಿಗೆ ನೆಲ ಕಳೆದುಕೊಂಡವರು ಅಲ್ಲಿದ್ದಾರೆ. ಐದನೇ ತರಗತಿಯ ಮಗುವಿಗೆ ಒಂದು ಬಿಳಿ ಹಾಳೆ ಕೊಟ್ಟು ನಿನ್ನ ಊರಿನ ನಕ್ಷೆ ಬರೆ ಎನ್ನಿ. ಪಂಚಾಯಿತಿ ಕಚೇರಿ, ಶಾಲೆ, ನೀರಿನ ಟ್ಯಾಂಕು, ದೇವಸ್ಥಾನ ಬರುತ್ತವೆ. ಹಾಡಿ ಬರುತ್ತದೆಯೇ? ಹಾಡಿಯ ಮಗು ತನ್ನ ಮನೆಯನ್ನು ಹಾಳೆಯ ಎಲ್ಲಿ ಬರೆಯುತ್ತದೆ? ಅಜ್ಜಿ ಎಲ್ಲಿದ್ದಳು ಎಂದು ಕೇಳಿದರೆ ಗೆರೆ ಹಾಳೆಯ ಅಂಚು ದಾಟಿ ಕಾಡಿನೊಳಕ್ಕೆ ಹೋಗುತ್ತದೆಯೇ? ಪಕ್ಕದಲ್ಲಿ ಕೂತ ಊರಿನ ಮಗು ಅದನ್ನು ನೋಡಿ ಏನು ಕೇಳುತ್ತದೆ? ಅರ್ಧ ಗಂಟೆ, ಒಂದು ಹಾಳೆ, ಒಂದು ಪೆನ್ಸಿಲು. ಸಮಾಜ ಪಾಠದ ಮೌಲ್ಯಮಾಪನಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಹಣ ಯಾರದು ಎಂಬ ಪ್ರಶ್ನೆಯೂ ಇಲ್ಲೇ ಎದುರಾಗುತ್ತದೆ. ನಮ್ಮ ಪ್ರಾಥಮಿಕ ಶಿಕ್ಷಣಕ್ಕೆ ವಿಶ್ವಬ್ಯಾಂಕ್ ಸಾಲ ಕೊಡುತ್ತಿದ್ದ ಅದೇ ವರ್ಷಗಳಲ್ಲಿ ನಾಗರಹೊಳೆಯ ಪರಿಸರ-ಅಭಿವೃದ್ಧಿ ಯೋಜನೆಯ ಹಿಂದೆಯೂ ವಿಶ್ವಬ್ಯಾಂಕ್ ಇತ್ತು. ಆ ಯೋಜನೆಯಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅಲ್ಲಿನ ಆದಿವಾಸಿಗಳ ಪರವಾಗಿ 1998ರಲ್ಲಿ ಬ್ಯಾಂಕಿನ ಪರಿಶೀಲನಾ ಮಂಡಳಿಗೆ ದೂರು ಹೋಯಿತು. ಒಂದೇ ಸಂಸ್ಥೆಯ ಹಣದಲ್ಲಿ ಕಾಡಿನಲ್ಲಿ ನಡೆದದ್ದನ್ನು ಅದೇ ಸಂಸ್ಥೆಯ ಹಣ ಮುಟ್ಟಿದ ಶಾಲೆಯಲ್ಲಿ ಮಕ್ಕಳು ಮಾತಾಡಬಹುದಿತ್ತೇ? ಯಾರೂ ಬೇಡವೆಂದು ಆದೇಶ ಹೊರಡಿಸಬೇಕಾಗಿಲ್ಲ. ‘ನಮ್ಮ ಊರು’, ‘ನಮ್ಮ ಕಾಡು’ ಪಾಠಗಳಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಸಾಕು. ಮೌಲ್ಯಮಾಪಕರು ಹುಡುಕಬೇಕಾದ್ದು ಇಂಥ ಜಾಗಗಳನ್ನು.

ಮುಂದೆಯೂ ವಿದೇಶಿ ನೆರವು ಬರುತ್ತದೆ, ಬರಲಿ. ಆದರೆ ಶಿಕ್ಷಣ ಇಲಾಖೆಗೆ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿಯ ಡಿಎಸ್‌ಇಆರ್‌ಟಿಗೆ, ನೆರವು ಕೊಡುವ ಸಂಸ್ಥೆಗಳಿಗೆ ಒಂದು ಒತ್ತಾಯದ ಮನವಿ. ಯೋಜನೆ ಮುಗಿದು ಹತ್ತು ವರ್ಷದ ಮೇಲೆ ಮತ್ತೊಮ್ಮೆ ಅದೇ ಶಾಲೆಗಳಿಗೆ ಹೋಗಿ ನೋಡಲು ಮೊದಲೇ ಹಣ ತೆಗೆದಿಡಿ. ವರದಿಯನ್ನು ಕನ್ನಡದಲ್ಲಿ ಬರೆಸಿ ಪ್ರತಿ ಸಿಆರ್‌ಸಿಗೆ ಕಳಿಸಿ, ಶಾಲಾ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿಸಿ. ಮತ್ತು ಈ ಕೆಲಸವನ್ನು ಹೆಗ್ಗಡದೇವನಕೋಟೆಯಿಂದ ಶುರುಮಾಡಿ. 1995ರಲ್ಲಿ ಕಾರ್ಡುಗಳನ್ನು ಕೈಯಾರೆ ಬರೆದ ಶಿಕ್ಷಕ ಶಿಕ್ಷಕಿಯರಲ್ಲಿ ಹಲವರು ಈಗ ನಿವೃತ್ತಿಯ ಅಂಚಿನಲ್ಲೋ ಅದರಾಚೆಯೋ ಇದ್ದಾರೆ. ಯಾವ ಕಾರ್ಡು ಸೇರಿತು, ಯಾವುದು ಬಿಟ್ಟುಹೋಯಿತು, ಯಾಕೆ ಎಂದು ಹೇಳಬಲ್ಲವರು ಅವರೇ. ಅವರ ಮಾತನ್ನು ದಾಖಲಿಸುವ ಕೆಲಸ ಈ ಶೈಕ್ಷಣಿಕ ವರ್ಷದಲ್ಲೇ ಆಗಲಿ.